ಹನ್ನೆರಡು ಸೆಂಟ್ಸ್ ಮಳೆ

ಮಂಜಯ್ಯನವರು ಯಾವ ವಸ್ತುವನ್ನು ಕಂಡರೂ ಮೊದಲು ಅದು ಇಲ್ಲದ ಲೋಕವನ್ನು ಕಲ್ಪಿಸಿಕೊಳ್ಳುತ್ತಿದ್ದರು. ಮದುವೆಮನೆಯ ಪಂಕ್ತಿಯಲ್ಲಿ ಎರಡನೆಯ ಸಿಹಿ ಬಂದಾಗ, ಬಸ್ ನಿಲ್ದಾಣಕ್ಕೆ ಹೊಸ ಬೋರ್ಡು ಹಾಕಿದಾಗ, ಒಮ್ಮೆ ಅವರದೇ ಷಷ್ಟ್ಯಬ್ದಿಗೆ ಪುರೋಹಿತರು ಸಾಮಗ್ರಿಗಳ ಪಟ್ಟಿ ಓದುತ್ತಿದ್ದಾಗ, ತಲೆಯನ್ನು ಒಂದಿಷ್ಟು ಓರೆ ಮಾಡಿ, ಹುಬ್ಬು ಏರಿಸಿ, ಕುಹಕದ ಸೋಂಕೂ ಇಲ್ಲದ ಶುದ್ಧ ಜಿಜ್ಞಾಸುವಿನ ದನಿಯಲ್ಲಿ ಅವರು ಕೇಳುತ್ತಿದ್ದುದು ಒಂದೇ ಮಾತು: "ಇದು ಇಲ್ದಿದ್ರೆ ಏನಾಗ್ತದೆ?" ಕೇಳಿ, ಎದುರಿಗಿದ್ದವರು ತಡವರಿಸುವುದನ್ನು ಕ್ಷಣಕಾಲ ನೋಡಿ, ಉತ್ತರಕ್ಕೆ ಕಾಯದೆ ಕೂತುಬಿಡುತ್ತಿದ್ದರು. ಆ ಪ್ರಶ್ನೆಗೆ ಉತ್ತರವಿಲ್ಲ ಎಂಬುದೇ ಅವರ ವಾದವಾಗಿತ್ತು.

ಆಳು ಆರಡಿ. ಆದರೆ ಆ ಎತ್ತರವನ್ನು ಅವರು ಪೂರ್ತಿ ಖರ್ಚು ಮಾಡಿದ್ದನ್ನು ನೆಲ್ಲಿಮಕ್ಕಿಯಲ್ಲಿ ಯಾರೂ ಕಂಡವರಿಲ್ಲ. ಸೊಂಟದಿಂದ ಮುಂದಕ್ಕೆ ಬಾಗಿ, ಏನನ್ನೋ ಬೀಳಿಸಿಕೊಂಡವರ ಹಾಗೆ ನೆಲ ನೋಡುತ್ತಲೇ ನಡೆಯುತ್ತಿದ್ದರು. ಹಾಗೆ ನಡೆದಾಗ ಸಿಕ್ಕಿದ ಮೊಳೆ, ರಬ್ಬರ್ ಬ್ಯಾಂಡು, ಯಾರದೋ ಮೂಟೆಯಿಂದ ಉದುರಿದ ನಾಲ್ಕು ಕಾಫಿಬೀಜ ಎಲ್ಲವೂ ಅವರ ಖಾಕಿ ಕೋಟಿನ ಜೇಬು ಸೇರುತ್ತಿದ್ದವು. ಆ ಕೋಟು ಅವರ ಮದುವೆಯ ವರ್ಷದ್ದು. ಚೈತ್ರದ ಬಿಸಿಲಲ್ಲೂ ಅದು ಮೈಮೇಲಿರುತ್ತಿತ್ತು, ಏಕೆಂದರೆ ಎಡಗಡೆಯ ಜೇಬಿನಲ್ಲಿ ನಶ್ಯದ ಡಬ್ಬಿ, ಎದೆಯ ಒಳಜೇಬಿನಲ್ಲಿ ಮಳೆಯ ಡೈರಿ, ಇವೆರಡನ್ನು ಬಿಟ್ಟು ಅವರು ಹೊರಡುತ್ತಿರಲಿಲ್ಲ. ನಶ್ಯವನ್ನು ಕೂಡ ಒಂದು ಚಿಟಿಕೆ ತೆಗೆದು, ಅರ್ಧವನ್ನು ಜಾಗ್ರತೆಯಿಂದ ಡಬ್ಬಿಗೆ ಮರಳಿಸಿ, ಉಳಿದರ್ಧವನ್ನು ಎರಡು ಹೊಳ್ಳೆಗೂ ಸಮನಾಗಿ ಹಂಚುತ್ತಿದ್ದರು. ಮೂವತ್ತು ವರ್ಷದ ಚಟ, ಹದಿನೈದು ವರ್ಷದ ನಶ್ಯ ಎಂದು ಅವರ ಹೆಂಡತಿ ವಸಂತಮ್ಮನವರು ನಗುತ್ತಿದ್ದರು.

ಮಳೆಯ ಡೈರಿಯ ವಿಷಯ ಸ್ವಲ್ಪ ಹೇಳಬೇಕು. ನಾನು ತರೀಕೆರೆ ಕಡೆಯ ಬಯಲಿನವನು. ತೊಂಬತ್ತಾರರಲ್ಲಿ ಕಳಸದ ಹತ್ತಿರದ ಈ ನೆಲ್ಲಿಮಕ್ಕಿ ಗ್ರಾಮ ಪಂಚಾಯಿತಿಗೆ ಕಾರ್ಯದರ್ಶಿಯಾಗಿ ಬಂದೆ. ನಮ್ಮ ಕಡೆ ಮಳೆಗೆ ಬಂತು, ಬರಲಿಲ್ಲ ಎಂಬ ಎರಡೇ ಅಳತೆ. ಇಲ್ಲಿಯ ಕಾಫಿ ತೋಟದವರ ಅಂಗಳದಲ್ಲಿ ತುಳಸಿಕಟ್ಟೆ ಇಲ್ಲದಿದ್ದರೂ ಇರಬಹುದು, ಮಳೆ ಅಳೆಯುವ ರೈನ್ ಗೇಜು ಇರಲೇಬೇಕು. ಬೆಳಿಗ್ಗೆ ಎಂಟಕ್ಕೆ ಅದರ ನೀರನ್ನು ಗಾಜಿನ ಅಳತೆಗೆ ಸುರಿದು ಇಂಚು, ಇಂಚಿನ ನೂರನೇ ಭಾಗವಾದ ಸೆಂಟ್ಸು ಎಂದು ಬರೆದಿಡುತ್ತಾರೆ, ಆಮೇಲೆ ದಾರಿಯಲ್ಲಿ ಸಿಕ್ಕವರಿಗೆ ನಮಸ್ಕಾರದ ಬದಲು "ನಿಮ್ಮಲ್ಲೆಷ್ಟು?" ಎಂದು ಕೇಳುತ್ತಾರೆ. ಮಂಜಯ್ಯನವರ ಮನೆಯ ಲೆಕ್ಕ ಅರವತ್ತೆಂಟರಿಂದ ಒಂದು ದಿನವೂ ತಪ್ಪಿರಲಿಲ್ಲ. ಅವರ ತಂದೆ ತೀರಿಕೊಂಡ ದಿನದ ಹಾಳೆಯಲ್ಲೂ ಸಾವಿನ ಸುದ್ದಿಯಿಲ್ಲ, ಎರಡು ಇಂಚು ಹತ್ತು ಸೆಂಟ್ಸ್ ಎಂದಷ್ಟೇ ಇದೆ. ನಾನು ಅದನ್ನು ನೋಡಿ ಬೆರಗಾದಾಗ, "ಅಪ್ಪನ ಸಾವು ಮರೆಯೂದಿಲ್ಲ ಸೆಕ್ರೆಟ್ರಿಗಳೇ, ಮಳೆ ಮರೆತುಹೋಗ್ತದೆ" ಎಂದಿದ್ದರು.

ಅವರನ್ನು ಜಿಪುಣ ಎಂದು ತಳ್ಳಿಹಾಕುವವರ ಮಾತನ್ನು ನಾನು ಈಗಲೂ ಒಪ್ಪುವುದಿಲ್ಲ. ತಮ್ಮ ದುಡ್ಡಿನ ಮೇಲೆ ಇದ್ದ ಮಮತೆಗಿಂತ ಊರಿನ ದುಡ್ಡಿನ ಮೇಲೆ ಅವರಿಗೆ ಹೆಚ್ಚು ಮಮತೆ. ನಮ್ಮಲ್ಲಿ ಬೀದಿದೀಪಗಳು ಹಗಲೆಲ್ಲ ಉರಿಯುತ್ತಿದ್ದವು, ಆರಿಸುವವರಿಲ್ಲದೆ. ಅದಕ್ಕೊಬ್ಬ ಆಳನ್ನು ನೇಮಿಸಲು ನಾವು ಕಾಗದ ಓಡಿಸುತ್ತಿದ್ದಾಗ ಮಂಜಯ್ಯನವರು ಬಂದು, ಹಾಲು ಮಾರುವ ಮುತ್ತಮ್ಮ ದಿನವೂ ಬೆಳಕು ಹರಿಯುವಾಗ ಹಾಲಿನ ಕ್ಯಾನು ಹೊತ್ತು ಅದೇ ಕಂಬದ ಕೆಳಗೆ ಹೋಗುತ್ತಾಳೆ, ಒಂದು ಸ್ವಿಚ್ಚು ಕೆಳಗೆ ಮಾಡಲು ಅವಳಿಗೇನು ಭಾರ ಎಂದರು. ಅಂದಿನಿಂದ ಮುತ್ತಮ್ಮ ಊರಿನ ದೀಪ ಆರಿಸಿದಳು, ನಾವು ಅವಳ ಎಮ್ಮೆಕೊಟ್ಟಿಗೆಯ ಕಂದಾಯ ಬಿಟ್ಟೆವು, ಇಬ್ಬರಿಗೂ ಸುಖ. ಹಳೆಯ ಚುನಾವಣೆ ಕರಪತ್ರಗಳ ಬೆನ್ನಿಗೆ ನೀರಿನ ರಸೀದಿ ಬರೆಯುವ ಉಪಾಯವೂ ಅವರದೇ. ಹೀಗೆ ಐದು ವರ್ಷದಲ್ಲಿ ಅವರು ಹೇಳಿದ ಒಂದು ಮಾತೂ ಹುಸಿ ಹೋಗಿರಲಿಲ್ಲ. ಅನರ್ಥ ಅಲ್ಲೇ ಇತ್ತು. ಒಮ್ಮೆಯಾದರೂ ತಪ್ಪಿದ್ದರೆ ಅವರ ಮಾತನ್ನು ಎರಡು ಸಲ ಅಳೆದು ನೋಡುತ್ತಿದ್ದೆವು.

ಎರಡು ಸಾವಿರದ ಒಂದನೆಯ ಇಸವಿ ಕಾಫಿಗೆ ಬೆಲೆ ಬಿದ್ದ ಕಾಲ. ತೋಟದವರು ಕಂದಾಯ ಕಟ್ಟುವುದಿರಲಿ, ಪಂಚಾಯಿತಿ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದರು. ವಿದ್ಯುತ್ತಿನವರು ದೀಪ ಕಿತ್ತುಕೊಂಡು ಹೋಗುವುದಾಗಿ ಮೂರನೆಯ ನೋಟಿಸು ಕೊಟ್ಟಾಗ ಅಧ್ಯಕ್ಷೆ ಶಾಂತಕುಮಾರಿಯವರು ಮೇ ತಿಂಗಳಲ್ಲಿ ಶಾಲೆಯ ಹಜಾರದಲ್ಲಿ ಗ್ರಾಮಸಭೆ ಕರೆದು, ಖರ್ಚು ಎಲ್ಲಿ ಇಳಿಸಬಹುದೋ ಊರವರೇ ಹೇಳಿ ಎಂದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಎಲ್ಲರಿಗೂ ಗೊತ್ತು. ಯಾರ ಕಾಲು ಮಡಿಸಬೇಕೆಂಬುದೇ ತಕರಾರು. ಸಭೆಗೆ ಬಿಸ್ಕತ್ತು ತರಿಸಬೇಡಿ ಎಂದರು ಬಿಸ್ಕತ್ತು ತಿನ್ನುತ್ತಿದ್ದವರು. ಸದಸ್ಯರ ಮನೆ ಮುಂದಿನ ದೀಪ ತೆಗೆಯಿರಿ ಎಂದರು ಸದಸ್ಯರ ದಾಯಾದಿಗಳು. ಕಾರ್ಯದರ್ಶಿಯನ್ನೇ ವಾರಕ್ಕೆ ಮೂರು ದಿನ ಮಾಡಿ ಎಂದೊಬ್ಬರು ಹೇಳಿ, ನನ್ನನ್ನು ನೋಡಿ, ಸುಮ್ಮನೆ ಹೇಳಿದೆ ಮಾರಾಯ್ರೆ ಎಂದು ನಕ್ಕರು. ಕೊನೆಗೆ ಮಂಜಯ್ಯನವರು ಎದ್ದು ಒಳಜೇಬಿನಿಂದ ಒಂದು ಹಾಳೆ ತೆಗೆದರು.

ಹಾಳೆಯಲ್ಲಿ ಏಳು ಸಲಹೆಗಳಿದ್ದವು. ಆರು ನನಗೆ ನೆನಪಿಲ್ಲ. ಏಳನೆಯದು ಕೆಂಚಯ್ಯನ ಕಾವಲು.

ನಮ್ಮೂರನ್ನು ಸೀಳಿಕೊಂಡು ಕೊಡಿಗೆ ಹಳ್ಳ ಹರಿಯುತ್ತದೆ. ಈಚೆ ದಡದಲ್ಲಿ ಶಾಲೆ, ಪಂಚಾಯಿತಿ, ಮಂಜಯ್ಯನವರಂಥವರ ಮನೆಗಳು. ಆಚೆ ತೋಟದ ಕೂಲಿಲೈನು, ಆಳುಗಳ ಸಾಲುಮನೆಗಳು, ಇಪ್ಪತ್ತು ಕುಟುಂಬ. ನಡುವೆ ಮರದ ದಿಮ್ಮಿ ಜೋಡಿಸಿ, ಹಿಡಿದು ನಡೆಯಲು ಬಿದಿರಿನ ಕೈತಾಂಗು ಕಟ್ಟಿದ ಕಾಲುಸಂಕ. ತೊಂಬತ್ತೊಂದರ ಮಳೆಗಾಲದಲ್ಲಿ ಇಬ್ಬರು ಹೆಣ್ಣಾಳುಗಳು ಅಲ್ಲಿ ಕೊಚ್ಚಿಹೋದ ಮೇಲೆ, ಅಂದಿನ ಮಂಡಲ ಪಂಚಾಯಿತಿ ಲೈನಿನ ಕೆಂಚಯ್ಯನನ್ನು ಮಳೆಗಾಲದ ನಾಲ್ಕು ತಿಂಗಳು ಸಂಕದ ಕಾವಲಿಗೆ ಹಾಕಿತ್ತು. ಅವನು ಮಳೆ ತಡೆಯಲು ಎಲೆ ಹೆಣೆದ ಗೊರಬು ಹೊದ್ದು ಈಚೆ ದಡದ ಬಂಡೆಯ ಮೇಲೆ ಕೂತಿರುತ್ತಿದ್ದ. ನೀರು ಕೆಡುವ ಹಾಗೆ ಕಂಡರೆ ಸಂಕಕ್ಕೆ ಅಡ್ಡ ಬಳ್ಳಿ ಕಟ್ಟುತ್ತಿದ್ದ.

ಮಂಜಯ್ಯನವರು ಹೇಳಿದರು, "ಒಂಬತ್ತು ಮಳೆಗಾಲದಲ್ಲಿ ಒಬ್ರೂ ಬಿದ್ದಿಲ್ಲ. ಬೀಳೋರೇ ಇಲ್ದಿದ್ಮೇಲೆ ಕಾವಲು ಯಾಕೆ? ಇದು ಇಲ್ದಿದ್ರೆ ಏನಾಗ್ತದೆ?" ಅವರ ಬದಲಿ ವ್ಯವಸ್ಥೆಯೂ ಸಿದ್ಧವಿತ್ತು. ಹಳ್ಳ ಏರುವುದು ಮಳೆಯಿಂದ; ಮಳೆಯನ್ನು ತಾವು ದಿನವೂ ಪುಗಸಟ್ಟೆ ಅಳೆಯುತ್ತೇವೆ. ಎಂಟು ಗಂಟೆಗೆ ಗೇಜು ನೋಡಿ, ಮೂರು ಇಂಚಿನ ಮೇಲಿದ್ದರೆ ತಮ್ಮ ಮನೆಯ ದಿಬ್ಬದ ಮೇಲೆ ಬಿದಿರಿಗೆ ಕೆಂಪು ಬಟ್ಟೆ ಏರಿಸುತ್ತೇವೆ. ಅದು ಲೈನಿಗೂ ಕಾಣುತ್ತದೆ, ಶಾಲೆಗೂ ಕಾಣುತ್ತದೆ. ಬಟ್ಟೆ ಕಂಡ ದಿನ ಮಕ್ಕಳು ಸಂಕ ದಾಟುವುದು ಬೇಡ ಎಂದರು.

ಅಧ್ಯಕ್ಷೆ ಬಾಗಿಲ ಬಳಿ ನಿಂತಿದ್ದ ಕೆಂಚಯ್ಯನನ್ನು ಕೇಳಿದರು, ಅಲ್ಲಿ ನಿನ್ನ ಕೆಲಸ ಏನು ಹೇಳಪ್ಪ ಎಂದು. ಅವನು ತಲೆ ಕೆರೆದುಕೊಂಡು, "ಕೂತಿರ್ತೀನಮ್ಮ" ಎಂದ. ಇಡೀ ಸಭೆ ನಕ್ಕಿತು. ಅವನೂ ನಕ್ಕ. ನಾನು ನಗುತ್ತಲೇ ನಡಾವಳಿ ಪುಸ್ತಕದಲ್ಲಿ "ಸರ್ವಾನುಮತದಿಂದ" ಎಂದು ದುಂಡಗೆ ಬರೆದೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಆ ಪುಟವನ್ನು ಮಾತ್ರ ನಾನು ಮತ್ತೆ ತೆರೆದು ನೋಡಲಾರೆ.

ಜೂನ್, ಜುಲೈ ಎರಡೂ ತಿಂಗಳು ಕೆಂಪು ಬಟ್ಟೆ ಗಡಿಯಾರದ ಹಾಗೆ ಕೆಲಸ ಮಾಡಿತು. ವಸಂತಮ್ಮನವರ ಹಳೆಯ ಸೀರೆಯ ಆ ತುಂಡು ಏರಿದ ದಿನ ಮಕ್ಕಳು ಬರುತ್ತಿರಲಿಲ್ಲ, ಇಳಿದ ದಿನ ಬರುತ್ತಿದ್ದರು. ಮೂಡಿಗೆರೆ ಕಡೆಯ ಯಾವುದೋ ಪಂಚಾಯಿತಿಯವರು ಇದನ್ನು ಕೇಳಿ ತಿಳಿದುಕೊಂಡು ಹೋದರು. ಆದರೂ ನನಗೆ ಆ ಸಂಕದ ಹತ್ತಿರ ಹೋದಾಗಲೆಲ್ಲ ಕೆಂಚಯ್ಯ ಕೂರುತ್ತಿದ್ದ ಬಂಡೆ ಖಾಲಿ ಇರುವುದನ್ನು ನೋಡಲಾಗುತ್ತಿರಲಿಲ್ಲ. ಬಯಲಿನವನ ನೀರುಭಯ ಎಂದು ನನ್ನನ್ನು ನಾನೇ ಗದರಿಸಿಕೊಂಡೆ.

ಆಗಸ್ಟಿನ ಎರಡನೆಯ ವಾರ, ಒಂದು ಬುಧವಾರ. ಹಿಂದಿನ ದಿನದಿಂದ ಮಳೆ ಬಿಡುವು ಕೊಟ್ಟಿತ್ತು. ಬಿಸಿಲು ಬಿದ್ದು ಊರಿಗೆ ಊರೇ ಕಂಬಳಿ ಒಣಗಿಹಾಕಿತ್ತು. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಮಂಜಯ್ಯನವರು ಪಂಚಾಯಿತಿಗೆ ಬಂದು ನನ್ನೆದುರು ಕೂತು, ಡೈರಿ ತೆಗೆದು, ಆ ಬೆಳಗಿನ ಲೆಕ್ಕ ಹನ್ನೆರಡು ಸೆಂಟ್ಸ್ ಎಂದು ತೋರಿಸಿ, ಇನ್ನು ಮಳೆಗಾಲ ಮುಗಿದ ಹಾಗೆ ಎಂದು ಅರ್ಧ ಚಿಟಿಕೆ ನಶ್ಯ ಏರಿಸಿದರು. ಬಾಬಾಬುಡನ್‌ಗಿರಿ ಕಡೆಯ ನೆಂಟರೊಬ್ಬರ ತೋಟದಲ್ಲಿ ಸೌದೆ ಉಳಿಸಿದ ಕಥೆಯೊಂದನ್ನು ಅವರು ಹೇಳುತ್ತಿದ್ದಾಗ ಮುತ್ತಮ್ಮ ಓಡಿ ಬಂದಳು. ಹಾಲಿನ ಕ್ಯಾನು ತೊಳೆಯಲು ಹಳ್ಳದ ಮೇಲುಮಗ್ಗುಲಿಗೆ ಹೋಗಿದ್ದವಳು. ಒಂದು ಕ್ಯಾನು ಕೈಯಲ್ಲಿತ್ತು, ಇನ್ನೊಂದು ಇರಲಿಲ್ಲ. ನೀರು ಕೆಂಪಾಗಿ, ದಿಮ್ಮಿ ಹೊತ್ತುಕೊಂಡು ಬರುತ್ತಿದೆ ಎಂದಳು.

ಮಂಜಯ್ಯನವರು ಎದ್ದೇಳಲಿಲ್ಲ. "ಸಾಧ್ಯವೇ ಇಲ್ಲ. ಹನ್ನೆರಡು ಸೆಂಟ್ಸು" ಎಂದು ಡೈರಿಯ ಪುಟವನ್ನು ಅವಳತ್ತ ತಿರುಗಿಸಿದರು. ಅಕ್ಷರ ಬಾರದ ಆ ಹೆಂಗಸು ಪುಟವನ್ನು ನೋಡಿದಳು, ನಾನು ಕಿಟಕಿಯಿಂದ ಬಿಸಿಲನ್ನು ನೋಡಿದೆ, ಅವರು ಹಿಂದಿನ ದಿನದ ಅಂಕಿ, ಅದರ ಹಿಂದಿನ ದಿನದ ಅಂಕಿ ಎಂದು ಬೆರಳಿಟ್ಟು ತೋರಿಸಿದರು. ಎರಡು ನಿಮಿಷವೋ, ಮೂರೋ. ಆಮೇಲೆ ಶಾಲೆಯ ಗಂಟೆ ನೆನಪಾಯಿತು. ಗೋಡೆ ಗಡಿಯಾರ ನಾಲ್ಕು ಹೊಡೆದು ಹತ್ತು ನಿಮಿಷ ದಾಟಿತ್ತು. ಲೈನಿನ ಏಳು ಮಕ್ಕಳು ಶಾಲೆ ಬಿಟ್ಟು ಸಂಕದ ದಾರಿ ಹಿಡಿದಿದ್ದರು.

ಓಡಿದೆವು. ಬಸವರಾಜು ಮೇಷ್ಟ್ರು ಶಾಲೆಯ ಬೀಗ ಹಾಕುತ್ತಿದ್ದವರು, ಏಳೂ ಒಟ್ಟಿಗೇ ಹೋದವು ಎಂದು ಕೂಗಿ ಹಿಂದೆಯೇ ಬಂದರು. ಹಳ್ಳ ಕಣ್ಣಿಗೆ ಬೀಳುವ ಮೊದಲೇ ಅದರ ಸದ್ದು ಪಾದದಿಂದ ಮೇಲಕ್ಕೆ ಹತ್ತಿತು. ತಲೆಯ ಮೇಲೆ ತಿಳಿ ಬಿಸಿಲು. ಕೆಳಗೆ ನೀರು ಮರಗಳ ಬೇರು ಕಿತ್ತುಕೊಂಡು ಸಾಗುತ್ತಿತ್ತು. ಘಟ್ಟದ ನೆತ್ತಿಯಲ್ಲಿ ಮಧ್ಯಾಹ್ನದಿಂದ ಮೋಡ ಕುಸಿದು ಸುರಿದಿತ್ತು; ಅಲ್ಲಿ ಯಾರ ಅಂಗಳವೂ ಇಲ್ಲ, ಯಾರ ಗೇಜೂ ಇಲ್ಲ. ನಾವು ನಿಂತು ನೋಡಿದಾಗ ಸಂಕದ ದಿಮ್ಮಿಗಳ ಮೇಲೆ ಮೊಣಕಾಲುದ್ದ ನೀರು ಹಾಯುತ್ತಿತ್ತು, ಸಂಕದ ಮೇಲೆ ಯಾರೂ ಇರಲಿಲ್ಲ, ಮತ್ತು ನಡುಭಾಗದ ಕೈತಾಂಗಿಗೆ ಒಂದು ಹಸಿರು ಪುಟ್ಟ ಛತ್ರಿ ಸಿಕ್ಕಿಕೊಂಡಿತ್ತು. ನಾವು ನೋಡುತ್ತಿದ್ದ ಹಾಗೆ ಸಂಕ ಒಮ್ಮೆ ನಿಟ್ಟುಸಿರು ಬಿಟ್ಟು ಪಕ್ಕಕ್ಕೆ ವಾಲಿ ಹೋಯಿತು. ಛತ್ರಿಯೂ ಹೋಯಿತು.

ಮಕ್ಕಳು ದಾಟಿದ್ದರೋ, ಅಥವಾ ಇನ್ನೊಂದೋ. ಆಚೆ ದಡದ ದಾರಿ ನೀರಲ್ಲಿ ಮುಳುಗಿತ್ತು, ಅದರಾಚೆ ಲಂಟಾನದ ಪೊದೆ, ಅದರಾಚೆ ಲೈನು; ಒಂದು ನರಪಿಳ್ಳೆಯೂ ಕಾಣಲಿಲ್ಲ. ಮೇಷ್ಟ್ರು ಕೂಗಿದರು, ನಾನು ಕೂಗಿದೆ. ನಮ್ಮ ಕೂಗು ನಮ್ಮ ಕಿವಿಗೇ ಬೀಳಲಿಲ್ಲ. ಮಂಜಯ್ಯನವರು ಕೆಂಚಯ್ಯನ ಬಂಡೆಯ ಪಕ್ಕ ನಿಂತಿದ್ದರು. ಅದರ ಮೇಲೆ ಕೂರಲಿಲ್ಲ. ನೆಲ ನೋಡುವ ಅವರ ಕಣ್ಣು ಮೊದಲ ಸಲ ಮೇಲಕ್ಕೆ ಹೋಗಿ ಘಟ್ಟದ ನೆತ್ತಿಯ ಕಪ್ಪಿನಲ್ಲಿ ನೆಟ್ಟಿತ್ತು.

ಫೋನಿನ ತಂತಿ ಜೂನ್‌ನಲ್ಲೇ ಸತ್ತಿತ್ತು. ಆಚೆಗೆ ಹೋಗಲು ಉಳಿದಿದ್ದುದು ಸಂಸೆಯ ಸೇತುವೆ ಬಳಸಿಕೊಂಡು ಹನ್ನೆರಡು ಮೈಲಿಯ ಸುತ್ತುದಾರಿ. ಊರಲ್ಲಿ ಬಾಡಿಗೆಗೆ ಓಡಿಸುವ ಉಮೇಶನ ಜೀಪು ಹತ್ತಿದೆವು. ಆ ಹುಡುಗ ಯಾವತ್ತೂ ಹಾಡು ಹಾಕಿಕೊಂಡೇ ಗಾಡಿ ಬಿಡುವವನು. ಅಂದು ಟೇಪು ಮುಟ್ಟಲಿಲ್ಲ. ಕೆಸರಿನಲ್ಲಿ ಎರಡು ಸಲ ಹೂತಿತು, ಎರಡು ಸಲವೂ ನಾವಿಳಿದು ನೂಕಿದೆವು. ಮಂಜಯ್ಯನವರು ಕೋಟು ಕೆಸರಾಗುವುದನ್ನು ಗಮನಿಸಲಿಲ್ಲ. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು, ಅದನ್ನೇ ಮತ್ತೆ ಮತ್ತೆ, ಯಾರೋ ತಮ್ಮನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳುತ್ತಿದ್ದಾರೆ ಎಂಬ ಹಾಗೆ: "ಹನ್ನೆರಡು ಸೆಂಟ್ಸ್ ರೀ. ನಾನೇ ನೋಡಿದ್ದು." ನಾನು ಹೂಂ ಎನ್ನುತ್ತಿದ್ದೆ. ಒಳಗೊಳಗೆ ನಾನೂ ನನ್ನ ಕಟಕಟೆಯಲ್ಲಿ ನಿಂತು, ಸರ್ವಾನುಮತ, ಸರ್ವಾನುಮತ ಎಂದು ಉತ್ತರ ಕೊಡುತ್ತಿದ್ದೆ.

ಲೈನು ಮುಟ್ಟಿದಾಗ ಸೂರ್ಯ ಇಳಿದಿದ್ದ. ಹೆಂಚಿನ ಮೇಲೆ ಒಲೆಯ ಹೊಗೆ ಎದ್ದಿತ್ತು. ಹೊಗೆ ಕಂಡದ್ದೇ ನನಗೆ ಆಸೆ ಹುಟ್ಟಿತು. ಮಕ್ಕಳನ್ನು ಕಳಕೊಂಡ ಮನೆಗಳಲ್ಲಿ ಒಲೆ ಹೊತ್ತುವುದಿಲ್ಲ. ಮರುಗಳಿಗೆಗೇ, ಇಪ್ಪತ್ತು ಮನೆಗಳಲ್ಲಿ ಎಷ್ಟು ಒಲೆ ಹೊತ್ತಿಲ್ಲವೋ ಎಂಬ ಭಯ ಬಂದು ಆ ಆಸೆಯನ್ನು ತಿಂದಿತು. ಮಂಜಯ್ಯನವರು ಇಳಿಯಲಿಲ್ಲ. ಜೀಪಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನೀವು ಹೋಗಿ ಎಣಿಸ್ಕೊಂಡು ಬನ್ನಿ" ಎಂದರು.

ನಾನು ಹೋದೆ. ಅಂಗಳದಲ್ಲಿ ಹಲಸಿನ ಬೀಜ ಸುಡುತ್ತಿದ್ದವರು ಮೂವರು. ಒಂದು ಜಗಲಿಯಲ್ಲಿ ಇಬ್ಬರು. ಬಾಗಿಲಲ್ಲಿ ಅಮ್ಮನ ಸೆರಗಿನೊಳಗೆ ಒಂದು. ಆರು. ಮತ್ತೆ ಎಣಿಸಿದೆ, ಆರೇ. ಏಳನೆಯದನ್ನು ಹುಡುಕುತ್ತ ನಿಂತಾಗ, ಗಿಡ್ಡಮ್ಮ ಎಂಬ ಕೆಂಚಯ್ಯನ ಹೆಂಡತಿ, ಒಳಗೆ ಬನ್ನಿ ಸಾರ್ ಎಂದು ಕರೆದಳು. ಒಳಗೆ ಕಂಬಳಿಯಲ್ಲಿ ಸುತ್ತಿ ಮಲಗಿಸಿದ್ದ ಅವಳ ಮೊಮ್ಮಗಳು ಪವಿತ್ರಾ ಛತ್ರಿ ಹೋಯ್ತೆಂದು ಅತ್ತು ಅತ್ತು ನಿದ್ದೆ ಹೋಗಿದ್ದಳು. ನಾನು ಅವಳ ಮೂಗಿನ ಬಳಿ ಬೆರಳಿಟ್ಟು ನೋಡಿದೆ.

ಜೀಪಿಗೆ ಬಂದು ಏಳು ಎಂದೆ. ಮಂಜಯ್ಯನವರು ನನ್ನ ಮುಖ ನೋಡದೆ, ಮತ್ತೆ ಎಣಿಸಿ ಎಂದರು. ಹೋಗಿ ಎಣಿಸಿ ಬಂದೆ. ಇನ್ನೊಂದ್ಸಲ ಎಂದರು. ಮೂರನೆಯ ಸಲ ಬಂದಾಗ ಅವರು ಕಂಬಿ ಬಿಟ್ಟು ಕೋಟಿನ ತೋಳಿನಲ್ಲಿ ಮುಖ ಮುಚ್ಚಿಕೊಂಡಿದ್ದರು.

ನಡೆದದ್ದನ್ನು ಆಮೇಲೆ ಲೈನಿನವರಿಂದ ತಿಳಿದೆವು. ಹಳ್ಳದಿಂದ ಎರಡು ಫರ್ಲಾಂಗು ದೂರ ತೋಟದಲ್ಲಿ ಕಳೆ ತೆಗೆಯುತ್ತಿದ್ದ ಕೆಂಚಯ್ಯ ಇದ್ದಕ್ಕಿದ್ದಂತೆ ಕತ್ತಿ ಬಿಸಾಡಿ ಓಡಿದನಂತೆ. ಅವನು ದಡ ಮುಟ್ಟಿದಾಗ ದೊಡ್ಡ ಮಕ್ಕಳು ದಾಟಿಯಾಗಿತ್ತು. ಪವಿತ್ರಾ ನಟ್ಟನಡುವೆ ನಿಂತುಬಿಟ್ಟಿದ್ದಳು, ನೀರು ಅವಳ ಪಾದ ಮುಟ್ಟುತ್ತಿತ್ತು. ಅವನು ಕೂಗಲಿಲ್ಲ, ಸಂಕದ ಮೇಲೆ ಕಾಲಿಡಲೂ ಇಲ್ಲ. ತನ್ನ ಭಾರಕ್ಕೆ ಅದು ಹೋಗಿಬಿಡುತ್ತದೆಂದು ಅವನಿಗೆ ಗೊತ್ತಿತ್ತು. ದಿನಾ ಮನೆಗೆ ಕರೆಯುವ ಹಾಗೆ ಕೈ ಚಾಚಿ, ನೀರು ನೋಡಬೇಡ, ನನ್ನ ನೋಡಿಕೊಂಡು ಬಾ, ಛತ್ರಿ ಬಿಡು ಎಂದನಂತೆ. ಅವಳು ಬಿಟ್ಟಳು. ಬಂದಳು. ಏಳನ್ನೂ ಮೇಲಕ್ಕೆ ಅಟ್ಟಿಕೊಂಡು ಅವನು ಲೈನಿಗೆ ನಡೆದದ್ದೇ, ಹಿಂದಿನಿಂದ ದಾರಿ ಮುಳುಗಿತು.

ಕೆಂಚಯ್ಯ ಜೀಪಿನ ಹತ್ತಿರ ಬಂದ. ಅವನು ಬಯ್ದಿದ್ದರೆ ನಮಗೆ ಹಗುರವಾಗುತ್ತಿತ್ತು. ಮಂಜಯ್ಯನವರೇ ತಡೆಯಲಾರದೆ, ನಿನಗೆ ಹೇಗೆ ಗೊತ್ತಾಯಿತು, ಮಳೆಯೇ ಇರಲಿಲ್ಲವಲ್ಲ ಎಂದು ಕೇಳಿದರು.

"ಹಳ್ಳ ಮೊದ್ಲು ವಾಸ್ನೆ ಕಳಿಸ್ತದೆ ಅಯ್ಯ. ನೀರು ಆಮೇಲೆ ಬರ್ತದೆ."

"ಸಭೇಲಿ ಇದನ್ನ ಯಾಕೋ ಹೇಳ್ಲಿಲ್ಲ?"

"ಅದು ಕೆಲ್ಸ ಅಂತ ನಂಗೇ ಗೊತ್ತಿರ್ಲಿಲ್ಲ. ಕೂತಿದ್ರೆ ಬರ್ತಿತ್ತು" ಎಂದು ಕೆಂಚಯ್ಯ ಘಟ್ಟದ ಕಡೆ ಕೈ ಮಾಡಿ, "ನಿಮ್ಮ ಅಳ್ತೆ ಸರೀನೇ ಅಯ್ಯ. ಮಳೆ ಬಿದ್ದಿದ್ದು ಬ್ಯಾರೆ ಕಡೆ" ಎಂದ.

ಮಾರನೆಯ ವಾರವೇ ಮಂಜಯ್ಯನವರು ಕಾವಲು ಮತ್ತೆ ಹಾಕಿ ಎಂದು ಅರ್ಜಿ ಹಿಡಿದು ಬಂದರು. ಆದರೆ ಸರ್ಕಾರದ ಮನೆಯಲ್ಲಿ ಒಮ್ಮೆ ಅಳಿಸಿದ ಸಾಲನ್ನು ಮತ್ತೆ ಬರೆಯುವುದು ಮಹಾಕಷ್ಟ. ಈ ವರ್ಷಕ್ಕೆ ಅವಕಾಶವಿಲ್ಲ, ಮತ್ತೆ ನಿಮ್ಮದೇ ಸಲಹೆ ಅಲ್ಲವೇ ಎಂದರು ಸದಸ್ಯರು. ಸಂಕವೇ ಇಲ್ಲದ ಮೇಲೆ ಕಾವಲು ಎಂತಕ್ಕೆ ಎಂದು ಒಬ್ಬರು ಸೇರಿಸಿದರು. ನನ್ನ ದುಂಡಕ್ಷರದ ಪುಟವನ್ನೇ ತೆಗೆದು ಅವರ ಮುಂದಿಟ್ಟರು. ಕೆಲದಿನಗಳಲ್ಲಿ ಲೈನಿನವರೇ ಹೊಸ ದಿಮ್ಮಿ ಹಾಕಿ ಸಂಕ ಕಟ್ಟಿದರು, ಮಕ್ಕಳು ಶಾಲೆಗೆ ಬರತೊಡಗಿದರು, ಮತ್ತು ಖಾಲಿ ಬಂಡೆಯ ಮೇಲೆ ಒಂದು ಬೆಳಿಗ್ಗೆ ಖಾಕಿ ಕೋಟು ಕಾಣಿಸಿತು.

ಅಲ್ಲಿಂದ ಶುರುವಾಯಿತು ನೋಡಿ ಮಂಜಯ್ಯನವರ ಎರಡನೆಯ ಜನ್ಮ. ಅವರು ನಶ್ಯ ಬಿಟ್ಟರು, ಅರ್ಧ ಚಿಟಿಕೆಯೂ ಇಲ್ಲದಂತೆ. ಮೂವತ್ತು ವರ್ಷ ನಶ್ಯ ತಿಂದ ಮೂಗಿಗೆ ಕಾಫಿ ಹೂವಿನ ಘಮವೇ ಹತ್ತುತ್ತಿರಲಿಲ್ಲ, ಇನ್ನು ಹಳ್ಳದ ವಾಸನೆ ಎಲ್ಲಿಯದು? ಭಾನುವಾರಗಳಲ್ಲಿ ಕೆಂಚಯ್ಯ ಪಕ್ಕದಲ್ಲಿ ಕೂತು ಪಾಠ ಹೇಳುತ್ತಿದ್ದ: ಕೊಳೆತ ತರಗೆಲೆ, ಹಸಿಮಣ್ಣು, ಆಮೇಲೆ ಮಸೆದ ಕತ್ತಿಯ ಹಾಗೆ ಒಂದು ತಣ್ಣನೆಯದು. ಮಂಜಯ್ಯನವರು ಕಣ್ಣುಮುಚ್ಚಿ ಮೂಗೆತ್ತಿ ಎಳೆಯುತ್ತಿದ್ದರು. ಬಂತೆ ಅಯ್ಯ? ಬಂತೇನೋ ಅನ್ನಿಸ್ತದೆ. ಅನ್ನಿಸಿದ್ದೇ ತಡ, ಎದ್ದು ಸಂಕಕ್ಕೆ ಬಳ್ಳಿ ಕಟ್ಟುತ್ತಿದ್ದರು, ಮನೆಗೆ ಓಡಿ ಕೆಂಪು ಬಟ್ಟೆ ಏರಿಸುತ್ತಿದ್ದರು. ಬಿಸಿಲಿಗೆ ಏರಿಸಿದರು, ಮಂಜಿಗೆ ಏರಿಸಿದರು, ಹಳ್ಳದಲ್ಲಿ ಕಪ್ಪೆ ಕೂಗದಿದ್ದರೆ ಏರಿಸಿದರು, ಕೂಗಿದರೂ ಏರಿಸಿದರು. ಆ ಮಳೆಗಾಲ ಲೈನಿನ ಮಕ್ಕಳು ಅರ್ಧಕ್ಕರ್ಧ ದಿನ ಶಾಲೆಯ ಮುಖ ಕಾಣಲಿಲ್ಲ. ಬಸವರಾಜು ಮೇಷ್ಟ್ರು ನನ್ನ ಹತ್ತಿರ ಗೋಳಾಡಿದರು. ಊರಿನ ಒಂದು ಮೊಳೆ ವ್ಯರ್ಥವಾಗಲು ಬಿಡದ ಮನುಷ್ಯ ಏಳು ಮಕ್ಕಳ ಓದಿನ ದಿನಗಳನ್ನು ನೀರಿಗೆ ಚೆಲ್ಲುತ್ತಿದ್ದರು, ಮತ್ತು ಅದು ತಮಗೆ ಗೊತ್ತಿದ್ದೂ ಕೈ ಕಟ್ಟಿಕೊಂಡಿರಲಾರದೆ ಒದ್ದಾಡುತ್ತಿದ್ದರು. "ತಪ್ಪು ಅಂತ ಗೊತ್ತು ಸೆಕ್ರೆಟ್ರಿಗಳೇ. ಆದ್ರೆ ಬಟ್ಟೆ ಇಳ್ಸೋಕೆ ಹೋದ್ರೆ ಆ ಛತ್ರಿ ಕಾಣ್ತದೆ" ಎಂದರು ಒಮ್ಮೆ.

ಮರುವರ್ಷ ಶಾಂತಕುಮಾರಿಯವರು ಹಟ ಹಿಡಿದು ಕೆಂಚಯ್ಯನ ಕಾವಲನ್ನು ಪುನಃ ಮಂಜೂರು ಮಾಡಿಸಿದರು. ಮಂಜಯ್ಯನವರು ಬಟ್ಟೆಯನ್ನು ಅವನ ಕೈಗೆ ಒಪ್ಪಿಸಿದರು, ಆದರೆ ಬಂಡೆ ಬಿಡಲಿಲ್ಲ. ಐದು ಮಳೆಗಾಲ ಇಬ್ಬರೂ ಅಕ್ಕಪಕ್ಕ ಕೂತರು, ಒಬ್ಬ ಮೂಗಿನಿಂದ, ಇನ್ನೊಬ್ಬರು ಬರಿಯ ಭಯದಿಂದ ಹಳ್ಳ ಕಾಯುತ್ತ. ಬಂಡೆಯ ಮೇಲೆ ಅವರ ಕೋಟಿನ ಬೆನ್ನು ಕಾಣುವಾಗ ನನಗೆ ನೆಮ್ಮದಿಯಾಗಬೇಕಿತ್ತು, ಆಗುತ್ತಿರಲಿಲ್ಲ. ಅವರ ನಡಿಗೆಯೇ ಬದಲಾಗಿತ್ತು. ನೆಲದ ಮೇಲಿನ ಮೊಳೆ ನೆಲದಲ್ಲೇ ಉಳಿಯುತ್ತಿತ್ತು. ಅವರು ಘಟ್ಟದ ನೆತ್ತಿ ನೋಡುತ್ತ, ಎಡವುತ್ತ ನಡೆಯುತ್ತಿದ್ದರು. ಎಂಟು ಗಂಟೆಗೆ ಗೇಜು ನೋಡುವುದು ಮಾತ್ರ ನಿಲ್ಲಲಿಲ್ಲ. ಅಂಕಿಯ ಮುಂದೆ ಈಗ ಇನ್ನೆರಡು ಪದ ಬರೆಯುತ್ತಿದ್ದರು: "ನಮ್ಮ ಅಂಗಳದಲ್ಲಿ."

ಎರಡು ಸಾವಿರದ ಆರರ ಮಳೆಗಾಲ ಮುಗಿದ ಮೇಲೆ ಸಿಮೆಂಟಿನ ಸೇತುವೆ ಬಂತು. ಅದರ ಮರುವರ್ಷ ನನಗೆ ವರ್ಗವಾಯಿತು. ಹೊರಡುವ ಮುನ್ನ ನಾನು ನಡೆಸಿದ ಕೊನೆಯ ಗ್ರಾಮಸಭೆಯಲ್ಲಿ ಮತ್ತೆ ಅದೇ ಪ್ರಸ್ತಾಪ, ಖರ್ಚು ಎಲ್ಲಿ ಇಳಿಸುವುದು ಎಂದು. ಪ್ರಶಾಂತ್ ಎಂಬ ಹೊಸ ಸದಸ್ಯ, ಚುರುಕಿನ ಒಳ್ಳೆಯ ಹುಡುಗ, ಸೂಲಗಿತ್ತಿ ನರ್ಸಮ್ಮನ ವಸತಿಯ ಮುಂದೆ ರಾತ್ರಿಯಿಡೀ ಒಂದು ದೀಪ ಉರಿಯುತ್ತದೆ, ಎರಡು ವರ್ಷದಿಂದ ರಾತ್ರಿ ಹೊತ್ತು ಅಲ್ಲಿಗೆ ಒಂದು ಹೆರಿಗೆಯೂ ಬಂದಿಲ್ಲ, ತೆಗೆಯೋಣ ಎಂದ. ಸರಿಯಾದ ಮಾತು ಎಂದು ನಾಲ್ಕಾರು ತಲೆ ಅಲ್ಲಾಡಿದವು. ನನ್ನ ಪೆನ್ನು "ಸರ್ವಾ" ಎಂಬಲ್ಲಿಗೆ ಬಂದಿತ್ತು.

ಹಿಂದಿನ ಬೆಂಚಿನಲ್ಲಿ ಖಾಕಿ ಕೋಟು ಎದ್ದಿತು. ಎಪ್ಪತ್ತರ ಹತ್ತಿರದ ಮುದುಕರು, ಗೋಡೆ ಹಿಡಿದು ಎದ್ದು, ಪೂರ್ತಿ ಆರಡಿ ನೆಟ್ಟಗಾದರು. ತಲೆ ಓರೆಯಾಗಲಿಲ್ಲ, ಹುಬ್ಬು ಏರಲಿಲ್ಲ. "ಇದು ಇಲ್ದಿದ್ರೆ ಏನಾಗ್ತದೆ?" ಎಂದರು. ಹಳಬರು ನಕ್ಕರು, ಅವರು ಕೂರುತ್ತಾರೆಂದು ಕಾದರು. ಅವರು ಕೂರಲಿಲ್ಲ. ಒಬ್ಬೊಬ್ಬರ ಮುಖವನ್ನೇ ನೋಡುತ್ತ, ಯಾರಾದರೂ ನಿಜವಾಗಿ ಉತ್ತರ ಹೇಳಲಿ ಎಂದು ಕಾಯುತ್ತ ನಿಂತೇ ಇದ್ದರು. ನಾನು ಬರೆದಷ್ಟನ್ನು ಹೊಡೆದುಹಾಕಿದೆ.

ಮಿತವ್ಯಯಿಗಳ ಕುಲ ದೊಡ್ಡದು, ಸಜ್ಜನರ ಕುಲ. ಊರು ಉಳಿಯುವುದು ಬಹುಪಾಲು ಅವರಿಂದಲೇ. ಕಣ್ಣಿಗೆ ಕಾಣುವುದನ್ನು ಅವರು ಕೂದಲು ಸೀಳಿದ ಹಾಗೆ ಅಳೆಯಬಲ್ಲರು. ಯಾರೋ ಸುಮ್ಮನೆ ಕೂತಿದ್ದರಿಂದ ಏನೇನು ಆಗದೆ ಉಳಿಯಿತು ಎಂಬುದನ್ನು ಅಳೆಯುವ ಗಾಜು ಮಾತ್ರ ಯಾರ ಅಂಗಳದಲ್ಲೂ ಇಲ್ಲ, ಅದರ ಜಾಗದಲ್ಲಿ ಇರಬೇಕಾದುದು ಒಂದಿಷ್ಟು ಭಯ. ಆ ಭಯ ಇಂಥವರಿಗೆ ತಡವಾಗಿ ಬರುತ್ತದೆ, ಬಂದ ಮೇಲೆ ಬಿಡುವುದಿಲ್ಲ. ಆಮೇಲೆ ನಾನು ಮಲ್ಲಂದೂರು ಕಡೆ, ಇನ್ನೂ ನಾಲ್ಕು ಕಡೆ ಕೆಲಸ ಮಾಡಿದೆ, ಲೆಕ್ಕವಿಲ್ಲದಷ್ಟು ಸಭೆ ನೋಡಿದೆ. ಇದು ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿ ಕೂತವರು ಎಲ್ಲ ಊರಿನಲ್ಲೂ ಸಿಕ್ಕಿದರು. ಕೇಳಿ ನಿಂತವರನ್ನು ಒಬ್ಬರನ್ನೇ ಕಂಡೆ.